ಬೀಗರಿಗೆ ಕೊಟ್ಟ ತೊಯ್ದ ಮಾಲು

ಗೊತ್ತಿಲ್ಲದ ವಿಷಯದ ಬಗ್ಗೆ ಮಾತಾಡುವುದರಲ್ಲಿ ದೊಡ್ಡ ಸುಖವಿದೆ, ಗೊತ್ತಿದ್ದವರು ಎದುರಿಗೆ ಬಂದು ಕೂಡುವ ತನಕ. ಕಾಫಿಯ ವಿಷಯದಲ್ಲಿ ಈ ಸುಖವನ್ನು ನಾನು ಬೈಲಹೊಂಗಲದಲ್ಲಿ ಎರಡು ವರ್ಷ ನಿರಾತಂಕವಾಗಿ ಉಂಡೆ. ಊರಿಗೆ ಊರೇ ಚಹಾ ಕುಡಿಯುತ್ತದೆ. ನಾನು ಇತಿಹಾಸ ಕಲಿಸುವ ಕಾಲೇಜಿನಲ್ಲಿ, ಚಿಕ್ಕಮಗಳೂರಿನ ಅರೇಬಿಕಾಕ್ಕೆ ನಿಂಬೆಯ ಹುಳಿ, ಕೊಡಗಿನ ರೋಬಸ್ಟಾಕ್ಕೆ ಗಡಸು ಕಹಿ, ಆಂಧ್ರದ ಅರಕುವಿನದಕ್ಕೆ ಹಣ್ಣಿನ ಕಂಪು ಎಂದು ನಾನು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಿದ್ದರು. ಇದೆಲ್ಲ ಪ್ಯಾಕೆಟ್ಟಿನ ಮೇಲೆ ಓದಿದ್ದು. ನನ್ನ ನಾಲಿಗೆಗೆ ಮೂರೂ ಒಂದೇ.

ಹೀಗಿರುವಾಗ ಮಗಳು ಸಹನಾ ತಾನೇ ಹುಡುಗನನ್ನು ಹುಡುಕಿಕೊಂಡಳು. ಧಾರವಾಡದಲ್ಲಿ ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಅವಳ ಜೊತೆ ಕೆಲಸ ಮಾಡುವವನು. ಅವನ ತಂದೆ ರಂಗೇಗೌಡರು ಚಿಕ್ಕಮಗಳೂರಿನ ಕಾಫಿ ಬೆಳೆಗಾರರು. ಅವರು ಮಾತುಕತೆಗೆ ಬರುವ ದಿನ ಮುಂಜಾನೆ ಸಹನಾ ನನ್ನನ್ನು ಅಂಗಳಕ್ಕೆ ಕರೆದಳು.

"ಅಪ್ಪಾ, ಅವರ ಮುಂದ ಕಾಫಿ ಸುದ್ದಿ ತಗೀಬ್ಯಾಡ್ರಿ. ಇಷ್ಟ ಕೇಳತೇನಿ."

ನಾನು ಸುದ್ದಿ ತೆಗೆಯಲಿಲ್ಲ. ಕಾಫಿಯನ್ನೇ ಮಾಡಿ ಕೊಟ್ಟೆ. ನನ್ನಲ್ಲಿದ್ದ ಎಲ್ಲಕ್ಕಿಂತ ದುಬಾರಿ ಪುಡಿ, ಮಾನ್ಸೂನ್ ಮಲಬಾರ್. ನಮ್ಮ ಕಡೆಯ ಹಿರಿಯರಾಗಿ ಪಕ್ಕದ ಮನೆಯ ದಸ್ತಗೀರಸಾಬರು ಕೂತಿದ್ದರು. ಬೆಲ್ಲದ ವ್ಯಾಪಾರಿ. ಒಂದು ಚೂರು ಬಾಯಿಗೆ ಹಾಕಿಕೊಂಡು ಯಾವ ಊರಿನ ಗಾಣದ್ದೆಂದು ಹೇಳುವ ಮನುಷ್ಯ. ಅವರು ಒಂದು ಗುಟುಕು ಕುಡಿದು ನನ್ನನ್ನು ಕನಿಕರದಿಂದ ನೋಡಿದರು.

"ಮಾಸ್ತರ, ಇದು ತೊಯ್ದ ಮಾಲು. ಗೋಡೌನ್ ಸೋರೈತಿ. ಯಾರೋ ನಿಮಗ ಟೋಪಿ ಹಾಕ್ಯಾರ."

ಸಹನಾ ನೆಲ ನೋಡಿದಳು. ನನ್ನ ಹೆಂಡತಿ ನನ್ನನ್ನು ನೋಡಿದಳು. ನಾನು ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಸಾಹೇಬ್ರ, ಇದು ಭಾಳ ನಾಜೂಕಿನ ರುಚಿ, ನಿಮಗ ತಿಳ್ಯಾಂಗಿಲ್ಲ," ಎಂದೆ. "ಇದರಾಗ ಮಸಾಲಿ ಐತಿ, ಚಾಕಲೇಟ್ ಐತಿ."

ರಂಗೇಗೌಡರು ಕಪ್ಪು ಕೆಳಗಿಟ್ಟರು. "ಅವರು ಹೇಳಿದ್ದೇ ಸರಿ ಮೇಷ್ಟ್ರೇ. ಇದನ್ನ ಕರಾವಳಿಯ ಗೋಡೌನುಗಳಲ್ಲಿ ಹರಡಿ, ಬೇಕಂತಲೇ ಮಳೆಗಾಲದ ಗಾಳಿಗೆ ಬಿಡ್ತಾರೆ. ಬೀಜ ಊದಿಕೊಂಡು ಹುಳಿ ಕಮ್ಮಿಯಾಗುತ್ತೆ." ಆಮೇಲೆ ದಸ್ತಗೀರಸಾಬರ ಕಡೆ ತಿರುಗಿ, "ಒಂದೇ ಗುಟುಕಿಗೆ ಗೋಡೌನ್ ಹಿಡಿದ್ರಲ್ಲ, ತಮ್ಮದು ಯಾವ ವ್ಯಾಪಾರ?" ಎಂದರು.

"ಬೆಲ್ಲ ರೀ."

"ನಾವು ಮನೇಲಿ ಕುಡಿಯೋದೇ ಬೆಲ್ಲದ ಕಾಫಿ. ಜೊತೆಗೆ ಒಂಚೂರು ಚಿಕೋರಿ."

ಇಬ್ಬರ ಕುರ್ಚಿಗಳೂ ಹತ್ತಿರ ಸರಿದವು. ತೇವ, ಗೋಣಿಚೀಲ, ಜಿಗುಟು, ಹುಳ, ಮಾತಿಗೆ ಕೊನೆಯೇ ಇಲ್ಲ. ಸಾಹೇಬರು ಮನೆಯಿಂದ ಬೆಲ್ಲ ತರಿಸಿದರು. ಅದನ್ನು ಹಾಕಿ ಮತ್ತೆ ಕಾಫಿ ಮಾಡಲು ನನ್ನನ್ನು ಅಡುಗೆಮನೆಗೆ ಕಳಿಸಿದರು. ಬಾಗಿಲಲ್ಲಿ ನಿಂತು ನಾನು ಎರಡು ಸಲ "ಅರಕು" ಎಂದೆ. ಯಾರಿಗೂ ಕೇಳಿಸಲಿಲ್ಲ. ನಡುವೆ ಯಾವಾಗಲೋ ಮದುವೆಯೂ ನಿಶ್ಚಯವಾಯಿತಂತೆ. ಆಗ ನಾನು ಒಲೆಯ ಮುಂದಿದ್ದೆ.

"ಲಗ್ನ ಗಟ್ಟಿ ಆತು," ಎಂದು ಹೆಂಡತಿ ಬಂದು ಹೇಳಿದಳು. "ಹಾಲು ಉಕ್ಕಾಕ ಹತ್ತೇತಿ, ನೋಡ್ರಿ."

ಹೊರಡುವಾಗ ಗೌಡರು ನನ್ನ ಕೈ ಹಿಡಿದುಕೊಂಡರು. "ಮದುವೆಗೆ ಕಾಫಿ ನಮ್ಮದು, ಬೆಲ್ಲ ಸಾಹೇಬರದು. ಚಹಾ ನೀವು ನೋಡ್ಕೊಳ್ಳಿ ಮೇಷ್ಟ್ರೇ, ಅದರಲ್ಲಿ ಅಪಾಯ ಇಲ್ಲ."

ಆದರೆ ಚಹಾ ಅಷ್ಟು ಸಾಮಾನ್ಯ ಸಂಗತಿಯಲ್ಲ. ನೀಲಗಿರಿಯದಕ್ಕೆ ಹೂವಿನ ಕಂಪಿರುತ್ತದೆ, ಅಸ್ಸಾಮಿನದು ಮೈತುಂಬಿಕೊಂಡಿರುತ್ತದೆ. ಎರಡನ್ನೂ ಇನ್ನೂ ಕುಡಿದು ನೋಡಿಲ್ಲ. ಮಾತಾಡಲು ಮಾತ್ರ ಶುರು ಮಾಡಿದ್ದೇನೆ.