ಅಂಗಿಯೊಳಗಿನ ಜವಾಬು

ನನ್ನ ಸೋದರಮಾವ ಹೊಸ ಅಂಗಿ ಕಂಡರೆ ಸಾಕು, ಕಾಲರು ಮಗುಚಿ ಹೊಲಿಗೆಯೊಳಗೆಲ್ಲ ಬೆರಳಾಡಿಸುತ್ತಾನೆ. ಅಂಗಿ ಯಾರದಾದರೂ ಸರಿ, ಅದರೊಳಗೆ ಮನುಷ್ಯನಿದ್ದರೂ ಸರಿ! ನನ್ನ ಮದುವೆಯಲ್ಲಿ ಬೀಗರ ಕೊರಳಿಗೇ ಕೈ ಹಾಕಿದ್ದ. ಜಗಳವೆಂದು ತಿಳಿದು ನಾಲ್ಕು ಜನ ಬಿಡಿಸಲು ಓಡಿಬಂದರು.

ಎಲ್ಲ ಆ ನೌಕರಿಯ ಫಲ. ಹೊರದೇಶಕ್ಕೆ ಅಂಗಿ ಕಳಿಸುವ ಕಂಪನಿಯೊಂದು, ನೀರು ಉಳಿಸಿ, ವಿಷ ಕಡಿಮೆ ಹೊಡೆಯಿರಿ ಎಂದು ನಮ್ಮ ಕೆಂಭಾವಿ ಕಡೆಯ ಹತ್ತಿ ಬೆಳೆಗಾರರಿಗೆ ಹೇಳಿಬರಲು ಅವನನ್ನು ಇಟ್ಟುಕೊಂಡಿತ್ತು. ಮೊದಲ ವಾರವೇ ‘ನೀರು ಮಿತವಾಗಿ ಬಳಸಿರಿ’ ಎಂಬ ತಗಡಿನ ಬೋರ್ಡು ಕೊಟ್ಟು, ಕೆನಾಲಿನ ತುದಿಯ ಹೊಲದಲ್ಲಿ ನೆಡಲು ಹೇಳಿದರು. ಆ ತುದಿಗೆ ನೀರು ಬಂದದ್ದನ್ನು ಕಂಡವರಾರು? ಮಾವ ಬೋರ್ಡು ಹೊತ್ತು ಮೇಲಕ್ಕೆ ನಡೆದು, ಇದ್ದಬದ್ದ ನೀರೆಲ್ಲ ಕುಡಿಯುವ ಭತ್ತದ ಗದ್ದೆಯಲ್ಲಿ ನೆಟ್ಟುಬಂದ. ಗದ್ದೆಯವರು ಅದನ್ನು ಕಿತ್ತು ಎಮ್ಮೆ ಕೊಟ್ಟಿಗೆಗೆ ಹೊದಿಸಿದರು.

ಕಂಪನಿಯ ಸಾಹೇಬರು ಕೇಳಿದರೆ, “ಯಾರಿಗಿ ಹೇಳಬೇಕೋ ಅವರಿಗೇ ಹೇಳೀನ್ರಿ” ಎಂದ.

ಆಮೇಲೆ ಕೈಗವಸು ಬಂತು. ಔಷಧ ಹೊಡೆಯುವವರ ಸುರಕ್ಷತೆಗಂತೆ. ಇಡೀ ಊರಿಗೆ ಒಂದೇ ಜೊತೆ! ಸರದಿಯಲ್ಲಿ ಒಬ್ಬೊಬ್ಬರೇ ಹಾಕಿಕೊಂಡು ನಗಬೇಕು, ಫೋಟೊ ತೆಗೆಸಿಕೊಳ್ಳಬೇಕು, ಕಳಚಿ ಮುಂದಿನವರಿಗೆ ಕೊಡಬೇಕು. ಮಾವನ ಹೆಂಡತಿ, ನಮ್ಮ ಅತ್ತಿಯೂ ನಕ್ಕಳು. ಕಂಪನಿಯ ಜೀಪು ಕೈಗವಸು ಹೇರಿಕೊಂಡು ಪಕ್ಕದ ಊರಿಗೆ ಹೋಯಿತು. ಅತ್ತಿ ಬರಿಗೈಯಲ್ಲೇ ಔಷಧ ಕಲಸಿದಳು. ಅಂಗೈ ಬಿರಿದು, ರೊಟ್ಟಿ ಬಡಿಯಲಾಗದೆ ಒಲೆಯ ಮುಂದೆ ಅತ್ತಳು.

ಮಾವನಿಗೆ ರೇಗಿತು. ಮೇಲಿನವರ ಮಾತು ಕೆಳಗೆ ಬರುವುದಾದರೆ ಕೆಳಗಿನವರದು ಮೇಲೆ ಹೋಗಬಾರದೇ? ಸಾಹೇಬರು “ಮುಂದ ನೋಡೋಣು” ಎಂದರು. ಸರಿ, ಅಂಗಿ ತೊಡುವವರಿಗೇ ನೇರ ಬರೆದ: “ನನ್ನ ಹೇಣ್ತಿ ಕೈ ಸುಟ್ಟಾವ್ರಿ. ಗ್ಲೌಸ್ ವಾಪಸ್ ಒಯ್ಯಬ್ಯಾಡಂತ ಹೇಳ್ರಿ.” ಹತ್ತಿಯಲ್ಲಿ ಕಾಗದ ಬೀಳಬಾರದೆಂದು ಊರಿಗೆಲ್ಲ ಪಾಠ ಹೇಳಿದವನು ಇವನೇ ಅಲ್ಲವೇ! ಅದಕ್ಕೇ ಹಳೆಯ ಹತ್ತಿ ಧೋತರ ಹರಿದು, ಮೂರು ಚೂರಿನ ಮೇಲೆ ಬರೆದು ಹತ್ತಿ ಮೂಟೆಗಳಲ್ಲಿ ತುರುಕಿದ. ಶಹಾಪುರದ ಮಿಲ್ಲಿನಲ್ಲಿ ಒಂದು ಸಿಕ್ಕಿಬಿತ್ತು.

“ಹತ್ತ್ಯಾಗ ಕಸ ಹಾಕೀದೇನು?” ಎಂದು ಸಾಹೇಬರು ಹಾರಾಡಿದರು.

“ಕಸ ಹೆಂಗಾತ್ರಿ? ಅದೂ ಹತ್ತೀನೇ!”

ನೌಕರಿ ಹೋಯಿತು. ಉಳಿದೆರಡು ಚೂರು ಸಿಕ್ಕ ಸುದ್ದಿ ಬರಲಿಲ್ಲ. ಮಾವನ ಆಸೆಯೆಲ್ಲ ಆ ಎರಡರ ಮೇಲೆಯೇ ನಿಂತಿತು.

ಹೋದ ತಿಂಗಳು ಸುರಪುರದಿಂದ ಹೊಸ ಅಂಗಿ ತೊಟ್ಟು ಅವನ ಮನೆಗೆ ಹೋದೆ. ‘ರೈತರ ಹಿತ ಕಾಯ್ದ ಹತ್ತಿ’ ಎಂದು ಅದರ ಚೀಟಿಯಲ್ಲಿ ಹಸಿರು ಅಕ್ಷರವಿತ್ತು. ಮಾವ ಎಂದಿನಂತೆ ಹೊಲಿಗೆ ತಡವಿದ.

“ಏನ್ ಹುಡುಕಾಕತ್ತಿ ಮಾವಾ?”

“ಜವಾಬು.”

ಇಷ್ಟು ವರ್ಷ ನಕ್ಕ ನನಗೆ ಅಂದು ನಾಚಿಕೆಯಾಯಿತು.

ಮುಂದಿನ ವಾರ ದಪ್ಪನೆಯ ಕೈಗವಸು ಕೊಂಡೊಯ್ದು ಅತ್ತಿಗೆ ಕೊಟ್ಟೆ. ಅವಳು ಹಾಕಿಕೊಂಡಳು. ಸೆರಗು ಸರಿಮಾಡಿಕೊಂಡು, ಎರಡೂ ಕೈ ಎತ್ತಿ, ನನ್ನತ್ತ ನೋಡಿ ನಗುತ್ತ ನಿಂತಳು. ತುಸು ಹೊತ್ತು ಕಾದು, ಕಳಚಿ ನನ್ನ ಕಡೆಗೆ ಚಾಚಿದಳು.

“ಫೋಟೊ ಆತಲ್ಲಪ್ಪ? ತಗೋ.”

ಮಾವ ಅವನ್ನು ಇಸಿದುಕೊಂಡು, ಅವಳ ಒಂದೊಂದೇ ಬೆರಳು ಹಿಡಿದು ಮತ್ತೆ ತೊಡಿಸಿದ.

“ತಗೀಬ್ಯಾಡ. ನಿನ್ನವೇ ಅವು.”