ಸುವಾರ್ತಮ್ಮನ ಅರವತ್ತೊಂದು ತಪ್ಪುಗಳು

“ಧೈರ್ಯವಾಗಿ ಬರೀರಿ ಸಿಸ್ಟರ್. ಬರೆದ ತಪ್ಪಿಗೆ ಶಿಕ್ಷೆ ಇಲ್ಲ,” ಎನ್ನುತ್ತಾ ಪ್ರಣೀತ್ ನೀಲಿ ರಟ್ಟಿನ ಪುಸ್ತಕವನ್ನು ಇನ್ನಷ್ಟು ಮುಂದಕ್ಕೆ ತಳ್ಳಿದ. “ಎರಡು ವರ್ಷ ಆಯ್ತು, ಒಂದಕ್ಷರ ಇಲ್ಲ. ಇವತ್ತು ನಾಲ್ಕು ಗಂಟೆಗೆ ದೊಡ್ಡ ಡಾಕ್ಟರೇ ನೋಡ್ತಾರೆ.”

ಆಗಲಿ ಸಾರ್ ಎಂದರು ಸುವಾರ್ತಮ್ಮ. ಗುಂಟೂರಿನ ಆ ಐದು ಮಹಡಿಯ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ನರ್ಸಾಗಿದ್ದ ಅವರು ಮೇಲಿನವರಿಗೆಲ್ಲ ಹೇಳುತ್ತಾ ಬಂದದ್ದು ಅಷ್ಟನ್ನೇ. ಪ್ರಣೀತ್ ಆಸ್ಪತ್ರೆಯ ಗುಣಮಟ್ಟ ನೋಡಿಕೊಳ್ಳುವ ಅಧಿಕಾರಿ. ಹೈದರಾಬಾದಿನಲ್ಲಿ ಅದನ್ನೇ ಓದಿ ಬಂದವನು. ಕೆಲಸಗಾರರು ತಮ್ಮ ತಪ್ಪನ್ನು ತಾವೇ ಬರೆದಿಟ್ಟರೆ ಆಸ್ಪತ್ರೆ ಉದ್ಧಾರವಾಗುತ್ತದೆ ಎಂದು ಅವನು ಮನಸಾರೆ ನಂಬಿದ್ದ. ಆ ಪುಸ್ತಕಕ್ಕೆ ನರ್ಸುಗಳು ಇಟ್ಟ ಹೆಸರು ಪಾಪದ ಪುಸ್ತಕ.

ಅದಕ್ಕೊಂದು ಕಾರಣವಿತ್ತು. ಪುಸ್ತಕ ಬಂದ ಮೊದಲ ವಾರವೇ ಸೂರ್ಯಕಾಂತಂ ಎಂಬ ನರ್ಸು ಥರ್ಮಾಮೀಟರ್ ಒಡೆದೆನೆಂದು ನಿಯತ್ತಿನಿಂದ ಬರೆದಳು. ಎರಡನೆಯ ವಾರ ಅವಳ ಬಿಳಿ ಸಮವಸ್ತ್ರ ಬಿಡಿಸಿ, ಸೀರೆ ಉಡಿಸಿ, ನೆಲಮಹಡಿಯ ವಿಚಾರಣೆ ಮೇಜಿನ ಹಿಂದೆ ಕೂರಿಸಿದರು. ಬಂದವರಿಗೆ ಎಕ್ಸ್‌ರೇ ಎಲ್ಲಿ, ಕಕ್ಕಸು ಎಲ್ಲಿ ಎಂದು ಕೈ ತೋರಿಸುವ ಕೆಲಸ. ಇದು ಶಿಕ್ಷೆಯಲ್ಲ, ತರಬೇತಿ ಎಂದರು ಮೇಲಿನವರು. ಆ ತರಬೇತಿ ಎರಡು ವರ್ಷ ನಡೆಯಿತು. ನಿನ್ನೆಯಷ್ಟೇ ಅವಳು ಕೆಲಸ ಬಿಟ್ಟು ಗಂಡನ ಊರಿಗೆ ಹೋಗಿದ್ದಳು.

ಅಂದರೆ ಆ ಕುರ್ಚಿ ಖಾಲಿ.

ಸುವಾರ್ತಮ್ಮನ ಮೊಣಕಾಲುಗಳು ಈ ಸುದ್ದಿಯನ್ನು ಅವರಿಗಿಂತ ಮೊದಲೇ ಕೇಳಿಸಿಕೊಂಡವು. ಅವರ ವಾರ್ಡು ಮೂರನೆಯ ಮಹಡಿಯಲ್ಲಿ. ಲಿಫ್ಟು ರೋಗಿಗಳಿಗೆ ಮಾತ್ರ. ಅರವತ್ತಾರು ಮೆಟ್ಟಿಲು, ದಿನಕ್ಕೆ ಏಳೆಂಟು ಸಲ. ಸಂಜೆ ಹೊತ್ತಿಗೆ ಕಾಲುಗಳು ಬೆಂದ ಗೆಣಸಿನ ಹಾಗೆ ಊದಿರುತ್ತಿದ್ದವು. ಕೂತು ಮಾಡುವ ಕೆಲಸ ಕೊಡಿ ಎಂದು ಮೂರು ಸಲ ಅರ್ಜಿ ಹಾಕಿದ್ದರು. ನಿಮ್ಮಂಥ ಅನುಭವಸ್ಥರು ವಾರ್ಡಿಗೆ ಬೇಕು ಎಂದು ಮೂರು ಸಲವೂ ಹೊಗಳಿ ವಾಪಸು ಕಳಿಸಿದ್ದರು. ಒಳ್ಳೆಯ ಕೆಲಸ ಮಾಡಿ ಆ ಕುರ್ಚಿ ಸೇರುವ ದಾರಿ ಇಲ್ಲವೆಂದು ಅವರಿಗೆ ಅವತ್ತು ಖಾತ್ರಿಯಾಯಿತು. ಪೆನ್ನಿನ ಮುಚ್ಚಳ ತೆಗೆದರು.

ಮೊದಲನೆಯದು ಸತ್ಯವಾಗಿಯೂ ನಡೆದದ್ದು. ಒಂಬತ್ತನೆಯ ಹಾಸಿಗೆಯ ರೋಗಿ ಮಧ್ಯಾಹ್ನವಾದರೆ ಕದ್ದು ಮಿರ್ಚಿ ಬಜ್ಜಿ ತಿನ್ನಲು ಹೋಗುತ್ತಿದ್ದ. ಆ ಹೊತ್ತಿಗೆ ಅವನ ಭಾವಮೈದುನ ಹಾಸಿಗೆ ಮೇಲೆ ಹೊದ್ದು ಮಲಗಿರುತ್ತಿದ್ದ. ಮೂರು ದಿನ ಆ ಭಾವಮೈದುನನ ಬಿಪಿ ನೋಡಿ ಬರೆದದ್ದಾಗಿತ್ತು. ಡಾಕ್ಟರು ಅದನ್ನು ನೋಡಿ ಔಷಧಿ ಚೆನ್ನಾಗಿ ಹಿಡಿದಿದೆ ಎಂದು ಖುಷಿಪಟ್ಟಿದ್ದರು. ಇದನ್ನು ಬರೆದು ಮುಗಿಸಿದಾಗ ಸುವಾರ್ತಮ್ಮನಿಗೆ ಪಾಪನಿವೇದನೆ ಮಾಡಿ ಚರ್ಚಿನಿಂದ ಹೊರಬಂದಷ್ಟು ಹಗುರವಾಯಿತು. ಇನ್ನೂ ಆರು ಬರೆದರು.

ಕಸ ಗುಡಿಸುತ್ತಿದ್ದ ಆಯಾ ಅಂಕಮ್ಮ ಭುಜದ ಮೇಲಿಂದ ಇಣುಕಿದಳು. ಅವಳಿಗೆ ಓದು ಬರದಿದ್ದರೂ ಪುಟ ತುಂಬಿದ್ದು ಕಾಣಿಸಿತು. ಹತ್ತು ನಿಮಿಷದಲ್ಲಿ ನಾಲ್ಕನೆಯ ಮಹಡಿಯ ನಾಗರತ್ನಂ ಏದುಸಿರು ಬಿಡುತ್ತಾ ಇಳಿದು ಬಂದಳು. ಅವಳು ಹೆಂಗಸರ ವಾರ್ಡಿನ ಮುಖ್ಯ ನರ್ಸು. ಸುವಾರ್ತಮ್ಮನ ಕೈಕೆಳಗೇ ಕೆಲಸ ಕಲಿತವಳು.

“ತಲೆ ನೆಟ್ಟಗಿದೆಯಾ ಅಕ್ಕಾ? ಈ ವಯಸ್ಸಲ್ಲಿ ಸೀರೆ ಉಟ್ಕೊಂಡು ಕಕ್ಕಸಿಗೆ ದಾರಿ ತೋರಿಸ್ತೀಯಾ?”

“ಕೂತ್ಕೊಂಡು ತೋರಿಸ್ತೀನಲ್ಲಮ್ಮ,” ಎಂದರು ಸುವಾರ್ತಮ್ಮ.

ನಾಗರತ್ನಂ ಮರ್ಯಾದೆಯ ಬಗ್ಗೆ ಕಾಲು ಗಂಟೆ ಮಾತಾಡಿದಳು. ಅಕ್ಕ ಅಲುಗಾಡಲಿಲ್ಲ. ಕೊನೆಗೆ ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಹೇಗೂ ಮುಳುಗೋಳು ನೀನು. ನಂದೊಂದು ಎರಡು ನಿನ್ನ ಹೆಸರಿಗೆ ಹಾಕ್ಕೊಂಡ್ಬಿಡು ಅಕ್ಕಾ.”

ಆ ಎರಡು ಹದಿನಾಲ್ಕಾದವು. ಅಷ್ಟರಲ್ಲಿ ಸುದ್ದಿ ಅಡುಗೆಮನೆ, ಲ್ಯಾಬು, ಬಟ್ಟೆ ಒಗೆಯುವ ಕೋಣೆಯವರೆಗೂ ಹೋಗಿ, ತಿರುಪತಿಯಲ್ಲಿ ಮುಡಿ ಕೊಡಲು ನಿಂತವರಂತೆ ಜನ ಸಾಲುಗಟ್ಟಿದರು. ಸಕ್ಕರೆ ರೋಗಿಗೆ ಮೂರು ದಿನ ಪಾಯಸ ಬಡಿಸಿದ ಅಡುಗೆಯವನು ತಲೆ ಕೆರೆಯುತ್ತಾ ನಿಂತ. ಅಂಕಮ್ಮ ಕೂಡ ಒಂದು ವಾರದಿಂದ ಫಿನಾಯಿಲ್ ಇಲ್ಲದೆ ಬರೀ ನೀರಲ್ಲಿ ನೆಲ ಒರೆಸಿದ್ದನ್ನು ಬರೆಸಿದಳು.

ಮಧ್ಯಾಹ್ನದ ಊಟದ ಡಬ್ಬಿ ಹಾಗೇ ಉಳಿಯಿತು. ನಲವತ್ತು ದಾಟುವ ಹೊತ್ತಿಗೆ ಸುವಾರ್ತಮ್ಮನ ಬೆರಳು ಮರಗಟ್ಟಿತ್ತು. ಲ್ಯಾಬಿನವನೊಬ್ಬ ಇಬ್ಬರ ರಕ್ತದ ಚೀಟಿ ಅದಲು ಬದಲಾದದ್ದನ್ನು ಹೇಳಿದಾಗ ಮಾತ್ರ ಅವರು ಪೆನ್ನು ಕೆಳಗಿಟ್ಟರು. ಇಪ್ಪತ್ತೆಂಟು ವರ್ಷದಲ್ಲಿ ತಾವು ಅಂಥದ್ದೊಂದು ಮಾಡಿದವರಲ್ಲ, ಅದಕ್ಕೆ ತಮ್ಮ ಹೆಸರು ಹಾಕಲಾಗುವುದಿಲ್ಲ ಎಂದರು. ಅವನು ಅಳುವಂತಾದ. ಮೊದಲು ಹೋಗಿ ಆ ಇಬ್ಬರ ರಕ್ತ ಮತ್ತೆ ತೆಗೆದು ಬಾ ಎಂದು ಓಡಿಸಿ, ಅವನು ತೆಗೆದು ಬಂದ ಮೇಲೆ ಬರೆದುಕೊಂಡರು. ಅದು ಅರವತ್ತೊಂದನೆಯದು.

ನಾಲ್ಕು ಗಂಟೆಗೆ ದೊಡ್ಡ ಡಾಕ್ಟರ ಕೋಣೆಯಲ್ಲಿ ಐದೂ ಮಹಡಿಯ ಪುಸ್ತಕಗಳನ್ನು ಸಾಲಾಗಿ ಇಟ್ಟರು. ದೊಡ್ಡ ಡಾಕ್ಟರು ಸುವಾರ್ತಮ್ಮನ ಪುಸ್ತಕ ತೆರೆದರು, ಪುಟ ತಿರುಗಿಸಿದರು, ಇನ್ನೊಂದು ತಿರುಗಿಸಿದರು. ಸುವಾರ್ತಮ್ಮ ತಲೆ ತಗ್ಗಿಸಿ ನಿಂತಿದ್ದರು. ಯಾವ ಬಣ್ಣದ ಸೀರೆ ಎಂಬಲ್ಲಿಗೆ ಅವರ ಮನಸ್ಸು ಆಗಲೇ ಹೋಗಿಬಿಟ್ಟಿತ್ತು.

ಡಾಕ್ಟರು ಎದ್ದು ನಿಂತು ಕೈ ಮುಗಿದರು.

“ಅರವತ್ತೊಂದು,” ಎಂದರು. “ಇಷ್ಟು ನಿಜ ಹೇಳಿದ ಕೈಯನ್ನ ನಾನು ಈ ಆಸ್ಪತ್ರೇಲಿ ನೋಡಿಲ್ಲಮ್ಮ.”

ಪ್ರಣೀತ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಆಮೇಲೆ ಅವನೇ ತೀರ್ಮಾನ ಓದಿದ. ಸೂರ್ಯಕಾಂತಂ ವಿಷಯದಲ್ಲಿ ಆದ ತಪ್ಪು ಇನ್ನು ಆಗುವುದಿಲ್ಲ, ಇನ್ನು ಮೇಲೆ ಬಚ್ಚಿಟ್ಟವರಿಗಷ್ಟೇ ಶಿಕ್ಷೆ. ನಾಳೆಯಿಂದ ಸುವಾರ್ತಮ್ಮ ತಮ್ಮ ವಾರ್ಡಿನ ಕೆಲಸದ ಜೊತೆಗೆ, ದಿನಕ್ಕೆರಡು ಸಲ ಐದೂ ಮಹಡಿ ಸುತ್ತಿ ಎಲ್ಲರಿಗೂ ತಪ್ಪು ಬರೆಯುವುದನ್ನು ಕಲಿಸಬೇಕು. ಇನ್ನು, ಉಳಿದ ಖಾಲಿ ಪುಸ್ತಕಗಳಲ್ಲಿ ಮೊದಲು ಕೈಗೆ ಬಂದದ್ದು ನಾಲ್ಕನೆಯ ಮಹಡಿಯದು. ಹೆಂಗಸರ ವಾರ್ಡಿನಲ್ಲಿ ಎರಡು ವರ್ಷ ಒಂದು ತಪ್ಪೂ ಆಗಿಲ್ಲವೆಂದರೆ ಯಾರು ನಂಬುತ್ತಾರೆ? ನಾಗರತ್ನಂ ನಾಳೆಯಿಂದ ನೆಲಮಹಡಿಯ ವಿಚಾರಣೆ ಮೇಜಿಗೆ.

ಹೊರಗೆ ಮೆಟ್ಟಿಲ ಬಳಿ ನಾಗರತ್ನಂ ಕರವಸ್ತ್ರ ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದಳು.

“ನನ್ನ ಹದಿನಾಲ್ಕೂ ನಿನಗೆ ಕೊಟ್ಟು ಕೆಟ್ಟೆ ಅಕ್ಕಾ. ಜನ ಏನಂತಾರೆ?”

ಸುವಾರ್ತಮ್ಮ ಅವಳ ಬೆನ್ನು ಸವರಿದರು. ಅವರಿಗೆ ಅಳುವಷ್ಟು ಶಕ್ತಿಯೂ ಉಳಿದಿರಲಿಲ್ಲ.

“ಏನೂ ಅನ್ನಲ್ಲ ಬಿಡಮ್ಮ. ಅಲ್ಲಿ ಫ್ಯಾನು ಸೀದಾ ಕುರ್ಚಿ ಮೇಲೇ ಬರುತ್ತೆ. ಕಾಲು ಚಾಚಿ ಕೂತ್ಕೋ.”

ಆಗ ಅಂಕಮ್ಮ ಬಂದು, ಐದನೆಯ ಮಹಡಿಯವರು ಬರೆಯಲು ಶುರು ಮಾಡಿದ್ದಾರೆ, ಮೊದಲ ಸಾಲು ಹೇಗೆಂದು ಸಿಸ್ಟರನ್ನೇ ಕೇಳುತ್ತಿದ್ದಾರೆ ಎಂದಳು. ಲಿಫ್ಟು ಬಂದು ಬಾಗಿಲು ತೆರೆಯಿತು, ಯಾರೂ ಹತ್ತದ್ದರಿಂದ ಮುಚ್ಚಿಕೊಂಡು ಖಾಲಿಯಾಗಿಯೇ ಮೇಲೆ ಹೋಯಿತು. ಸುವಾರ್ತಮ್ಮ ಕಂಬಿ ಹಿಡಿದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು.