ಯಲಬುರ್ಗಾದ ಹಂಸ

ಕಲಿತ ಭಾಷೆಯನ್ನು ಆಡಲು ಜನ ಸಿಗದಿದ್ದರೆ, ಬಂದೂ ಬಾರದ ಸೀನಿನ ಹಾಗೆ ಅದು ಮನುಷ್ಯರನ್ನು ಕಾಡುತ್ತದೆ. ನನ್ನನ್ನೇ ನೋಡಿ. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿ, ನೈಫ್ ಬಲಗೈಯಲ್ಲಿ, ಫೋರ್ಕ್ ಎಡಗೈಯಲ್ಲಿ ಎಂದು ಕಲಿತು, ನಿಜಾಮರ ಕಾಲದ ಯಲಬುರ್ಗಾಕ್ಕೆ ಸೊಸೆಯಾಗಿ ಬಂದವಳು ನಾನು. ಇಲ್ಲಿ ಕಚೇರಿಗೆ ಉರ್ದು, ಮನೆಗೆ ಕನ್ನಡ, ರೊಟ್ಟಿಗೆ ಕೈ. ನನ್ನ ಗಂಡ ಒಳ್ಳೆಯವರೇ. ಆದರೆ ಸೀರೆ-ಅರಿವೆ ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಅವರ ಮಾತಿನ ಸ್ಟಾಕೆಲ್ಲ ಗಿರಾಕಿಗಳಿಗೇ ಖರ್ಚಾಗಿರುತ್ತಿತ್ತು. ಅತ್ತೆ ಗಂಗಾವತಿ ಕಡೆಯವರು, ಮಾತಿಗಿಂತ ನೋಟ ಜಾಸ್ತಿ. ಮಾವ ಲಿಂಗಪೂಜೆಯಾಗದೆ ಗುಟುಕು ನೀರನ್ನೂ ಮುಟ್ಟದವರು. ಹೀಗಾಗಿ ನನ್ನ ಇಂಗ್ಲೀಷು ಟ್ರಂಕಿನೊಳಗಿನ ಉಲ್ಲನ್ ಸ್ವೆಟರಿನ ಜೊತೆಗೇ ಮಲಗಿತ್ತು. ಯಲಬುರ್ಗಾದ ಬಿಸಿಲಿಗೆ ಎರಡೂ ಉಪಯೋಗವಿಲ್ಲದವು.

ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಓವರ್‌ಸೀಯರ್ ಸಾಹೇಬರಿಗೆ ಬೇರೆ ಊರಿಗೆ ವರ್ಗವಾಯಿತು. ಮಂಚ, ಪೆಟ್ಟಿಗೆ, ಮೂರು ಕಾಲಿನ ಕುರ್ಚಿಯನ್ನೂ ಬಿಡದೆ ಬಂಡಿಗೆ ಹೇರಿಕೊಂಡು ಹೋದರು. ಬಿಟ್ಟದ್ದು ಒಂದೇ, ಅವರ ಬೇಗಂ ಸಾಕಿದ್ದ ಬಿಳಿ ಬಾತುಕೋಳಿ. ಖಾಲಿ ಅಂಗಳದಲ್ಲಿ ಅದು ಮುಚ್ಚಿದ ಬಾಗಿಲಿಗೆ ಏನೋ ದೂರು ಹೇಳುತ್ತ ನಿಂತಿತ್ತು. ಓಣಿಯ ನಾಯಿಗಳು ಆಗಲೇ ಸಭೆ ಸೇರಿದ್ದವು. ಕಾನ್ವೆಂಟಿನಲ್ಲಿ ನಾನು ಡಕ್ ಎಂಬುದನ್ನು ಕಂಡದ್ದು ರೀಡರಿನ ಚಿತ್ರದಲ್ಲಿ, ಅದರ ಪಕ್ಕ ಒಂದು ಕೊಳವಿತ್ತು, ನಾಯಿಗಳಿರಲಿಲ್ಲ. ‘ಪೂರ್ ಥಿಂಗ್’ ಎಂದು ಗೋಡೆ ಹಾರಿ, ಸೆರಗಿನಲ್ಲಿ ಸುತ್ತಿ ಎತ್ತಿಕೊಂಡು ಬಂದೆ. ದಾರಿಯುದ್ದಕ್ಕೂ ಅದು ನನ್ನ ಮೊಳಕೈಯನ್ನು ಕಚ್ಚಿತು. ಥ್ಯಾಂಕ್ಸ್ ಹೇಳುವ ಎಟಿಕೆಟ್ಟನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಪಡಸಾಲೆಯಲ್ಲಿ ಮಾವ ಕೂತಿದ್ದರು. ಏನದು ಎಂದರು. ನಾನು ‘ಬಾತು’ ಎಂದವಳು ಅಲ್ಲಿಗೇ ತಡೆದೆ. ಆ ಹೆಸರಿನ ಬಾಲದಲ್ಲಿ ಕೋಳಿ ಇದೆಯಲ್ಲ! ಕೋಳಿ ಎಂಬ ಶಬ್ದ ಕಿವಿಗೆ ಬಿದ್ದರೂ ಮತ್ತೊಮ್ಮೆ ಸ್ನಾನ ಮಾಡುವವರು ಅವರು. ಅಷ್ಟರಲ್ಲಿ ಅತ್ತೆ ಅಡಿಗೆಮನೆಯಿಂದ ಬಂದು ಹಕ್ಕಿಯನ್ನು ನೋಡಿದರು, ಗೋಡೆಯ ಕ್ಯಾಲೆಂಡರಿನಲ್ಲಿ ವೀಣೆ ಹಿಡಿದು ಕೂತಿದ್ದ ಸರಸ್ವತಿಯನ್ನು ನೋಡಿದರು, ಮತ್ತೆ ಹಕ್ಕಿಯನ್ನು ನೋಡಿದರು. ಪ್ರಿಂಟ್ ಮಾಡಿದವನ ಕೃಪೆ, ಸರಸ್ವತಿಯ ಕಾಲಬಳಿಯ ಹಂಸ ಥೇಟ್ ನನ್ನ ಸೆರಗಿನೊಳಗಿನದರ ಹಾಗೆಯೇ ಗುಂಡಗಿತ್ತು.

‘ಹಂಸ ಬಂದೈತಿ ಮನಿಗೆ,’ ಎಂದರು ಅತ್ತೆ. ‘ಕಾಲಿಗೆ ನೀರು ಹಾಕು.’

ಮಾವ ಎದ್ದು ಕೈಮುಗಿದರು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕಾನ್ವೆಂಟಿನ ಸಿಸ್ಟರ್ ಹೇಳಿಕೊಟ್ಟ ಪ್ರಕಾರ ಮೌನ ಸುಳ್ಳಲ್ಲ.

ಅಲ್ಲಿಂದ ಅದರ ದರ್ಬಾರು ಶುರುವಾಯಿತು. ಬಚ್ಚಲ ಪಕ್ಕ ನೀರು ತುಂಬಿಡುವ ಕಲ್ಲು ದೋಣಿ ಅದರ ಸರೋವರವಾಯಿತು. ಹಂಸ ಹಾಲನ್ನೂ ನೀರನ್ನೂ ಬೇರೆ ಮಾಡುತ್ತದೆಯಲ್ಲ, ಅದಕ್ಕೇ ಒಂದು ಮುಂಜಾನೆ ಅತ್ತೆ ಹಾಲು ತಂದ ಗೌಳಿಯ ಎದುರಿಗೇ ಬಟ್ಟಲು ಹಾಲನ್ನು ಅದರ ಮುಂದಿಟ್ಟರು. ಅದು ಕೊಕ್ಕು ಅದ್ದಿ, ತಲೆ ಕೊಡವಿ, ಬಟ್ಟಲನ್ನೇ ಉರುಳಿಸಿ ನಡೆಯಿತು. ‘ಒಲ್ಲೆ ಅಂತೈತಿ ನೋಡಪಾ,’ ಎಂದರು ಅತ್ತೆ, ಗೌಳಿಯ ಮುಖ ನೋಡದೆ. ಮರುದಿನದಿಂದ ನಮ್ಮ ಹಾಲಿನ ಮೇಲೆ ದಪ್ಪ ಕೆನೆ ಕಟ್ಟತೊಡಗಿತು. ನನಗೋ ಇಂಗ್ಲೀಷು ಆಡಲು ಜೊತೆ ಸಿಕ್ಕಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದಾಗ ದೋಣಿಯ ಬಳಿ ಕೂತು ‘ಕಮಾನ್, ಡಾರ್ಲಿಂಗ್, ಕಮಾನ್’ ಎಂದರೆ ಅದು ತೊನೆಯುತ್ತ ಬರುತ್ತಿತ್ತು. ನಾನು ಪೊಯೆಟ್ರಿ ಹೇಳುತ್ತಿದ್ದೆ, ಅದು ‘ಕ್ವಾಕ್’ ಎನ್ನುತ್ತಿತ್ತು. ಪ್ರನನ್ಸಿಯೇಶನ್ ಪರ್ಫೆಕ್ಟ್.

ಒಂದು ದಿನ ಅದು ಮೊಟ್ಟೆ ಇಟ್ಟಿತು, ಅದೂ ಮಾವ ಪೂಜೆಗೆಂದು ಮಡಿಚಿಟ್ಟಿದ್ದ ಮಡಿಯ ಮೇಲೆ. ಅವರ ಮುಖ ಕೆಂಪಗಾಯಿತು. ಇವತ್ತೇ ಹೊರಗೆ ಹಾಕುತ್ತಾರೆ, ನಾಯಿಗಳು ಕಾದೇ ಇವೆ ಎಂದು ಅದನ್ನು ಸೆರಗಿನೊಳಗೆ ಎಳೆದುಕೊಂಡೆ. ಅತ್ತೆ ಮಾತ್ರ ಕಾಳು ಆರಿಸುವುದನ್ನು ಬಿಡದೆ ಕೇಳಿದರು: ‘ಮತ್ತ ಹಂಸದ ಮರಿ ಗಿಡದಾಗ ಕಾಯಿಹಂಗ ಬಿಡ್ತಾವೇನ್ರಿ?’ ಮಾವ ಇನ್ನೊಂದು ಮಡಿ ಹುಡುಕಿಕೊಂಡು ಹೋದರು.

ಆದರೆ ಬೇಸಿಗೆಯ ಬಾಯಿ ಮುಚ್ಚಿಸಲು ಅತ್ತೆಗೂ ಆಗಲಿಲ್ಲ. ಬಾವಿ ತಳ ಕಂಡಿತು. ಕುಡಿಯಲೇ ನೀರಿಲ್ಲದಾಗ ಈಜಲು ಎಲ್ಲಿಂದ ತರುವುದು? ಅದು ಒಣ ದೋಣಿಯಲ್ಲೇ ಕೂತು ಕಣ್ಣು ಮುಚ್ಚತೊಡಗಿತು. ರೆಕ್ಕೆಯ ಬಿಳುಪು ಮಾಸಿತು, ಕಾಳು ಹಾಕಿದರೆ ಮೂಸಲೂ ಇಲ್ಲ. ಇಟ್ಟುಕೊಂಡರೆ ಅದು ಉಳಿಯುವುದಿಲ್ಲ, ಕಳಿಸಿದರೆ ನನಗೆ ಮತ್ತೆ ಟ್ರಂಕಿನೊಳಗಿನ ಸ್ವೆಟರೇ ಗತಿ. ನಾನು ಬಾಯಿಬಿಡುವ ಮೊದಲೇ ಅತ್ತೆ ಹೇಳಿದರು, ಗಂಗಾವತಿಯಲ್ಲಿ ತಮ್ಮನ ಗದ್ದೆಯ ಪಕ್ಕವೇ ಕಾಲುವೆಯಿದೆ, ಮುಟ್ಟಿಸಿ ಬರೋಣ ಎಂದು.

ಬುಟ್ಟಿಯಲ್ಲಿಟ್ಟುಕೊಂಡು ಮೋಟಾರು ಹತ್ತಿದೆವು. ಮುರ್ಗಿಗೂ ಟಿಕೀಟು ಬೇಕು ಎಂದು ಕಂಡಕ್ಟರ್ ತಕರಾರು ತೆಗೆದ. ‘ಹಂಸಕ್ಕ ಎಷ್ಟು ಅಂತ ನಿನ್ನ ಬುಕ್ಕಿನ್ಯಾಗ ತೋರಸಪಾ, ಕೊಡ್ತೀನಿ,’ ಎಂದರು ಅತ್ತೆ. ಅವನು ಕೊಪ್ಪಳದವರೆಗೂ ನಮ್ಮ ಕಡೆ ತಿರುಗಲಿಲ್ಲ.

ಮೋಟಾರು ಬದಲಿಸಿ ಗಂಗಾವತಿ ತಲುಪಿ ನೋಡಿದರೆ, ಕಾಲುವೆಯ ತುಂಬ ಬಾತುಕೋಳಿಗಳು! ಒಬ್ಬ ಮುದುಕ ಕೋಲು ಹಿಡಿದು ತೆಲುಗಿನಲ್ಲಿ ಅವನ್ನು ಬೈದು ಮೇಯಿಸುತ್ತಿದ್ದ. ಅತ್ತೆಯ ತಮ್ಮ ಬುಟ್ಟಿಯೊಳಗೆ ಇಣುಕಿ, ‘ಅಕ್ಕಾ, ಬಾತುಕೋಳಿ ಹೊತಗೊಂಡು ಇಲ್ಲಿತನಕ ಬಂದೀಯೇನ?’ ಎಂದು ನಕ್ಕರು.

‘ಬಾಯಿ ತೊಳಕೋ. ಇದು ಹಂಸ. ಇದರ ಕುತ್ತಿಗಿಗೆ ಯಾರರ ಕೈ ಹಚ್ಚಿದ್ರ ಸರಸ್ವತಿ ಸಿಟ್ಟಾಗ್ತಾಳ, ನಿನ್ನ ಮಕ್ಕಳು ಸಾಲ್ಯಾಗ ನಪಾಸಾಗ್ತಾವು. ಆ ಮುದುಕಗೂ ಹೇಳು,’ ಎಂದು ಅತ್ತೆ ತಾವೇ ಅದರ ಕಾಲಿಗೆ ಕೆಂಪು ದಾರ ಕಟ್ಟಿದರು. ನೀರಿಗೆ ಬಿಟ್ಟೆ. ಅದು ಒಮ್ಮೆ ಮುಳುಗಿ ಎದ್ದು, ಮೈ ಕೊಡವಿ, ಗುಂಪಿನೊಳಗೆ ಸೇರಿಕೊಂಡಿತು. ‘ಕಮಾನ್’ ಎಂದು ಮೆಲ್ಲಗೆ ಕರೆದು ನೋಡಿದೆ. ತಿರುಗಲಿಲ್ಲ. ಹೇಗೂ ಅದಕ್ಕೆ ಅಲ್ಲಿ ತೆಲುಗು ಬೇಕಿತ್ತು.

ವಾಪಸ್ ಬರುವಾಗ ಹಿಟ್ನಾಳ ದಾಟಿದ ಮೇಲೆ ನನ್ನ ತಲೆಯೊಳಗೆ ದೀಪ ಹತ್ತಿತು. ಆ ಕಾಲುವೆಯ ದಂಡೆಯಲ್ಲಿ ಹುಟ್ಟಿ ಬೆಳೆದವರು ಬಾತುಕೋಳಿಯನ್ನು ಅರಿಯದಿರುವುದು ಹೇಗೆ? ಕೇಳಿಯೇಬಿಟ್ಟೆ.

‘ಕೋಳಿ ಅಂದಿದ್ರ ನಿಮ್ಮ ಮಾವ ಇಟಗೋತಿದ್ರೇನು?’ ಎಂದರು ಅತ್ತೆ, ಕಿಟಕಿಯ ಹೊರಗೆ ನೋಡುತ್ತ. ‘ಬಂದಾಗಿಂದ ನೀ ಯಾರ ಕೂಡಾನೂ ನಕ್ಕಿದ್ದಿಲ್ಲ. ಅದರ ಕೂಡ ನಕ್ಕಿ.’

ಮರುದಿನ ಮಧ್ಯಾಹ್ನ ಖಾಲಿ ದೋಣಿಯ ಬಳಿ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದೆ. ಅಡಿಗೆಮನೆಯಿಂದ ಕೂಗು ಬಂತು: ‘ಕಮಾನ್, ಡಾರ್ಲಿ, ಕಮಾನ್! ಚಾ ಆರಿ ಹೋಗತೈತಿ.’ ಕೊನೆಯವರೆಗೂ ಅತ್ತೆ ನನ್ನನ್ನು ಹಾಗೆಯೇ ಕರೆದರು. ಊರಿನವರು ನನ್ನ ನಿಜವಾದ ಹೆಸರೇ ಡಾರ್ಲವ್ವ ಎಂದುಕೊಂಡರು. ಕರೆದಾಗಲೆಲ್ಲ ನಾನು ಎದ್ದು ಓಡುತ್ತಿದ್ದೆ. ಥೇಟ್ ಅದರ ಹಾಗೆಯೇ ತೊನೆಯುತ್ತ ಓಡುತ್ತಿದ್ದೆನೆಂದು ನನ್ನ ಗಂಡ ಹೇಳುತ್ತಿದ್ದರು. ಅಷ್ಟೊತ್ತಿಗೆ ಅವರಿಗೂ ಸ್ವಲ್ಪ ಮಾತು ಬಂದಿತ್ತು.